ಮನೆಬಾಗಿಲಿಗೆ ನಡೆದುಬಂದ ಬ್ಯಾಂಕು

ಸಂಸಾರವನ್ನು ನಡೆಸುವುದು ಬೇರೆ, ದೊಡ್ಡ ವ್ಯಾಪಾರಸಂಸ್ಥೆಯೊಂದನ್ನು ನಡೆಸುವುದು ಬೇರೆ ಎಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುವುದುಂಟು. ಒಂದರಲ್ಲಿ ಅಕ್ಕಿ ಬೇಳೆಗಳ, ಮಕ್ಕಳ ವಿದ್ಯಾಭ್ಯಾಸದ, ಮದುವೆ ಮುಂಜಿಗಳ ಚಿಂತೆ. ಮತ್ತೊಂದರಲ್ಲಿ ಮೂಲಧನ, ಪಾಲುದಾರರು, ಲಾಭನಷ್ಟಗಳ ಲೆಕ್ಕ. ಆದರೆ ಸೂಕ್ಷ್ಮವಾಗಿ ವಿಚಾರಿಸಿದರೆ ಎರಡರಲ್ಲಿಯೂ ಯಜಮಾನನಾದವನು ಬಿಡಿಸಬೇಕಾದ ಗಂಟು ಒಂದೇ. ಹೊಸದೊಂದು ಏರ್ಪಾಡನ್ನು ಮಾಡುವಾಗ ಅದರಿಂದ ಯಾರಿಗೆ ಅನುಕೂಲ, ಯಾರಿಗೆ ಶ್ರಮ ಎಂಬುದನ್ನು ಮೊದಲೇ ಎಣಿಸಿ ನೋಡಬೇಕು. ಬಾವಿಯನ್ನು ಅಡಿಗೆಮನೆಗೆ ದೂರವಾಗಿ ತೋಡಿಸಿದ ಯಜಮಾನನು ನಾಲ್ಕು ಕಾಸನ್ನು ಉಳಿಸಿರಬಹುದು. ಆದರೆ ದಿನವೂ ನೀರು ಹೊರುವವರು ಆತನಲ್ಲ. ವ್ಯಾಪಾರದಲ್ಲಿಯೂ ಇಂತಹ ದೂರದ ಬಾವಿಗಳು ಬೇಕಾದಷ್ಟಿವೆ.

ಈ ಮಾತಿಗೆ ನಿದರ್ಶನವನ್ನು ಹುಡುಕಿಕೊಂಡು ನಾವು ಅಮೆರಿಕೆಗೋ ಜಪಾನಿಗೋ ಹೋಗಬೇಕಾದುದಿಲ್ಲ. ನಮ್ಮ ಕರಾವಳಿಯ ಬ್ರಹ್ಮಾವರದಲ್ಲಿಯೇ ಅದು ದೊರೆಯುತ್ತದೆ. ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಪೇಟೆಯಲ್ಲಿ 'ಪಿಗ್ಮಿ' ಎಂಬ ಮಾತನ್ನು ತಿಳಿಯದ ಅಂಗಡಿಕಾರನಿಲ್ಲ. ಕುಳ್ಳಗಿನ ಜನರಿಗೆ ಪರದೇಶದವರು ಇಟ್ಟ ಹೆಸರು ಅದು. ಇಲ್ಲಿ ಅದು ಕಿರಿದಾದ ದಿನದಿನದ ಉಳಿತಾಯದ ಹೆಸರಾಗಿ, ಮನೆಮಾತಾಗಿ ಹೋಗಿದೆ. 'ಪಿಗ್ಮಿಯವರು ಬಂದರು' ಎಂದು ಯಾರಾದರೂ ಕೂಗಿ ಹೇಳಿದರೆ ಅದಕ್ಕೆ ವಿವರಣೆ ಬೇಕಾಗುವುದಿಲ್ಲ. ಈ ಒಂದು ಮಾತಿನ ಹಿಂದೆ ಒಂದು ಸಂಸ್ಥೆಯ ಹುಟ್ಟು, ಬೆಳವಣಿಗೆ, ರೂಪಾಂತರ, ವಿಲೀನಗಳ ಸುಮಾರು ನೂರು ವರ್ಷಗಳ ಕಥೆಯಿದೆ. ಅದನ್ನು ವಾಚಕರ ಮುಂದಿಟ್ಟು, ಗೃಹಸ್ಥರಾದವರು ಅದರಿಂದ ಕಲಿಯಬಹುದಾದುದೇನೆಂದು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಕಾಲಸ್ಥಿತಿಯನ್ನು ನೋಡೋಣ. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ೧೯೦೬ನೆಯ ಇಸವಿಯಲ್ಲಿ ಮದರಾಸಿನ ಆರ್ಬತ್‌ನಾಟ್ ಕಂಪೆನಿಯು ದಿವಾಳಿಯೆದ್ದು ಅಸಂಖ್ಯ ಸಂಸಾರಗಳ ಹಣ ಮುಳುಗಿತು. ಆಶ್ಚರ್ಯವೆಂದರೆ ಅದೇ ವರ್ಷದಲ್ಲಿಯೇ ನಮ್ಮ ಜಿಲ್ಲೆಯಲ್ಲಿ ಎರಡು ಬ್ಯಾಂಕುಗಳು ಹುಟ್ಟಿದುವು: ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕ್, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಬ್ಯಾಂಕ್. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕ್, ೧೯೨೫ರಲ್ಲಿ ನಾವು ಈಗ ಹೇಳಹೊರಟಿರುವ ಸಂಸ್ಥೆ, ೧೯೩೧ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕ್, ಹೀಗೆ ಇಪ್ಪತ್ತೈದು ವರ್ಷಗಳೊಳಗೆ ಐದು ಬ್ಯಾಂಕುಗಳು ಈ ಒಂದೇ ಜಿಲ್ಲೆಯಲ್ಲಿ ತಲೆಯೆತ್ತಿದುವು.

ಈ ಐದರಲ್ಲಿ ಮೂರನೆಯ ದಶಕದ ಸಂಸ್ಥೆಯೊಂದರ ಹುಟ್ಟು ವಿಶೇಷವಾದುದು. ಗಿರಣಿಯ ಬಟ್ಟೆಯ ಹೊಡೆತಕ್ಕೆ ಸಿಕ್ಕಿ ಉಡುಪಿ ಪ್ರಾಂತದ ಕೈಮಗ್ಗದ ನೇಕಾರರು ಕೈಕಟ್ಟಿ ಕುಳಿತಿದ್ದ ಕಾಲ. ಅವರಿಗೆ ನೂಲನ್ನು ಕೊಳ್ಳಲು ಹಣವಿಲ್ಲ. ಹಣವಿದ್ದವರು ಅವರನ್ನು ನಂಬುವಂತಿಲ್ಲ. ಆಗ ವರ್ತಕರಾದ ಉಪೇಂದ್ರ ಅನಂತ ಪೈ, ಇಂಜಿನಿಯರರಾದ ವಾಮನ ಶ್ರೀನಿವಾಸ ಕುಡ್ವ, ವೈದ್ಯರಾದ ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರು ಸೇರಿ ೧೯೨೫ರಲ್ಲಿ ಉಡುಪಿಯಲ್ಲಿ 'ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಲಿಮಿಟೆಡ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರೇನೋ ಉದ್ದವಾದುದೇ, ಮೂಲಧನವು ಮಾತ್ರ ಕೇವಲ ಎಂಟು ಸಾವಿರ ರೂಪಾಯಿ.

ಎಂಟು ಸಾವಿರ ರೂಪಾಯಿಯಿಂದ ಎಷ್ಟು ಮಗ್ಗಗಳು ನಡೆದಾವು? ಸಾಲ ಕೊಡಬೇಕಾದರೆ ಠೇವಣಿ ಬರಬೇಕು. ಶ್ರೀಮಂತರ ಠೇವಣಿಯನ್ನು ಹುಡುಕಿಕೊಂಡು ಹೋದರೆ, ಅವರಿಗೆ ಹಳೆಯ ಬ್ಯಾಂಕುಗಳಿದ್ದುವು, ಹೊಲಗದ್ದೆಗಳಿದ್ದುವು, ಚಿನ್ನವಿತ್ತು. ಉಳಿದವರು ಬಡವರು. ಅವರ ಕೈಯಲ್ಲಿ ಹಣವೇ ಇರಲಿಲ್ಲವೆಂದು ಹೇಳುವಂತಿಲ್ಲ. ಮೀನು ಮಾರಿದ ಹೆಂಗಸಿನ ಮಡಿಲಲ್ಲಿ ಸಾಯಂಕಾಲ ನಾಲ್ಕು ಆಣೆ ಇರುತ್ತದೆ. ತರಕಾರಿಯ ಅಂಗಡಿಯವನ ಗಲ್ಲದಲ್ಲಿ ಎಂಟು ಆಣೆ ಮಿಕ್ಕಿರುತ್ತದೆ. ಆದರೆ ಅದು ರಾತ್ರಿ ಬೆಳಗಾಗುವುದರೊಳಗೆ ಎಲ್ಲಿಯೋ ಕರಗಿ ಹೋಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಎಲ್ಲರಿಗೂ ಗೊತ್ತು. ಹನಿಯನ್ನು ಹಿಡಿಯುವ ಪಾತ್ರೆ ಮಾತ್ರ ಯಾರಲ್ಲಿಯೂ ಇರಲಿಲ್ಲ.

ಆಗಿನ ಬ್ಯಾಂಕಿನ ಶಾಸ್ತ್ರದ ಪ್ರಕಾರ ಇಂತಹ ಹನಿಗಳು ನಷ್ಟದ ಬಾಬು. ಎರಡು ಆಣೆಯನ್ನು ಲೆಕ್ಕಕ್ಕೆ ಹಿಡಿಯಲು ಗುಮಾಸ್ತನ ಹೊತ್ತು, ಕಾಗದ, ಶಾಯಿ ಇವು ವ್ಯಯವಾಗುತ್ತವೆ. ಅದರಿಂದ ಬರುವ ಲಾಭವು ಆ ಶಾಯಿಯ ಬೆಲೆಗೂ ಸಾಲದು. ಇನ್ನು ಗಿರಾಕಿಯ ಕಡೆಯಿಂದ ನೋಡಿದರೆ ತೊಂದರೆ ಇನ್ನೂ ಹೆಚ್ಚಿನದು. ಬ್ರಹ್ಮಾವರದ ಕಡೆಯಿಂದ ಉಡುಪಿಗೆ ಬರಬೇಕಾದರೆ ಸ್ವರ್ಣಾ ನದಿ ಅಡ್ಡ. ಬ್ರಹ್ಮಾವರದಿಂದ ಉತ್ತರಕ್ಕೆ ಹೋದರೆ ಸೀತಾನದಿ. ಕುಂದಾಪುರದ ಬಳಿಯಲ್ಲಿ ಐದು ನದಿಗಳು ಒಂದಾಗಿ ಪಂಚಗಂಗಾವಳಿಯೆನಿಸಿ ಗಂಗೊಳ್ಳಿಯಲ್ಲಿ ಸಮುದ್ರವನ್ನು ಸೇರುತ್ತವೆ. ಅದನ್ನು ದಾಟಿದ ಮೇಲೆ ಬೈಂದೂರಿನ ದಾರಿ. ಸೇತುವೆಗಳಿಲ್ಲದ ಕಾಲದಲ್ಲಿ ದೋಣಿಯೇ ಗತಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಅದೂ ಇಲ್ಲ. ಎರಡು ಆಣೆಯನ್ನು ಕೂಡಿಡುವುದಕ್ಕಾಗಿ ಒಂದು ದಿನದ ಕೂಲಿಯನ್ನು ಕಳೆದುಕೊಂಡು ನದಿಯನ್ನು ದಾಟಿ ಬರುವ ಮೂಢನು ಯಾರು?

ಈ ಸಂದರ್ಭದಲ್ಲಿ ಸಂಸ್ಥೆಯ ಯಜಮಾನರ ಮುಂದೆ ಮೂರು ದಾರಿಗಳಿದ್ದುವು. ಸಣ್ಣ ಠೇವಣಿ ನಮಗೆ ಬೇಡವೆಂದು ಬಿಟ್ಟುಬಿಡುವುದು ಮೊದಲನೆಯದು. ಇಂತಿಷ್ಟು ರೂಪಾಯಿ ಕೂಡಿದ ಮೇಲೆ ತಂದು ಕಟ್ಟಿರೆಂದು ಹೇಳಿ ಕಾಯುವುದು ಎರಡನೆಯದು. ಮೂರನೆಯದು, ತಾವೇ ಎದ್ದು ಹೋಗುವುದು. ಅವರು ಮೂರನೆಯದನ್ನು ಹಿಡಿದರು. ೧೯೨೮ನೆಯ ಇಸವಿಯಲ್ಲಿ ಬ್ಯಾಂಕು ತನ್ನ ಮೊದಲನೆಯ ಶಾಖೆಯನ್ನು ಬ್ರಹ್ಮಾವರದಲ್ಲಿ ತೆರೆಯಿತು. ಅದೇ ವರ್ಷ ಪಿಗ್ಮಿ ಠೇವಣಿಯ ಯೋಜನೆಯೂ ಆರಂಭವಾಯಿತು. ಬ್ಯಾಂಕಿನ ಏಜೆಂಟನು ದಿನವೂ ಮನೆಯ, ಅಂಗಡಿಯ ಬಾಗಿಲಿಗೆ ಬಂದು ಎರಡು ಆಣೆಯಷ್ಟು ಅಲ್ಪವಾದ ಹಣವನ್ನೂ ಪಡೆದುಕೊಂಡು, ಗುರುತು ಹಾಕಿಕೊಟ್ಟು ಮುಂದಿನ ಮನೆಗೆ ಹೋಗುವನು.

ವಾಚಕರು ಇಲ್ಲಿ ಒಂದು ಲೆಕ್ಕವನ್ನು ಹಾಕಿ ನೋಡಬಹುದು. ದಿನಕ್ಕೆ ಎರಡು ಆಣೆಯಂತೆ ತಿಂಗಳಿಗೆ ಮೂರು ರೂಪಾಯಿ ಹನ್ನೆರಡು ಆಣೆ. ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತು ಆಣೆ. ಬಡಸಂಸಾರಕ್ಕೆ ಆ ಕಾಲದಲ್ಲಿ ಅದು ಸಣ್ಣ ಮೊತ್ತವಲ್ಲ. ಇನ್ನು ಬ್ಯಾಂಕಿನ ಕಡೆಯಿಂದ ನೋಡಿದರೆ, ಸಾವಿರ ಮನೆಗಳು ದಿನಕ್ಕೆ ಎರಡೆರಡು ಆಣೆ ಕೊಟ್ಟರೆ ನೂರ ಇಪ್ಪತ್ತೈದು ರೂಪಾಯಿ. ಅರುವತ್ತನಾಲ್ಕು ದಿನಗಳಲ್ಲಿ ಅದು ಎಂಟು ಸಾವಿರ ರೂಪಾಯಿ. ಎಂದರೆ ಮೂವರು ಸ್ಥಾಪಕರು ಕೂಡಿಸಿದ ಮೂಲಧನದಷ್ಟೇ ಹಣ ಎರಡು ತಿಂಗಳಲ್ಲಿ ಎರಡು ಆಣೆಗಳಿಂದಲೇ ಕೂಡಿದಂತಾಯಿತು.

ಖರ್ಚಿನ ಮಾತೇನು? ಅದಕ್ಕೂ ಉಪಾಯವಿತ್ತು. ಏಜೆಂಟನಿಗೆ ತಿಂಗಳ ಸಂಬಳವಲ್ಲ, ತಂದ ಹಣದ ಮೇಲೆ ಕಮಿಷನ್. ಹಣ ಬಂದರೆ ಖರ್ಚು, ಬಾರದಿದ್ದರೆ ಖರ್ಚಿಲ್ಲ. ಲಾಭವಾದರೋ ಕೇವಲ ಠೇವಣಿಯದಲ್ಲ. ದಿನವೂ ಅಂಗಡಿಯ ಮೆಟ್ಟಲು ಹತ್ತುವವನಿಗೆ ಆ ಅಂಗಡಿಯ ಸ್ಥಿತಿಗತಿಗಳು ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಿಗಿಂತ ಚೆನ್ನಾಗಿ ಗೊತ್ತಿರುತ್ತವೆ. ಯಾವ ನೇಕಾರನ ಮಗ್ಗ ನಡೆಯುತ್ತಿದೆ, ಯಾರ ಮನೆಯಲ್ಲಿ ಕಾಯಿಲೆ, ಯಾರು ಆಡಿದ ಮಾತಿಗೆ ತಪ್ಪುವವರಲ್ಲ ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ. ಸಾಲ ಕೊಡುವವನಿಗೆ ಇದಕ್ಕಿಂತ ಬೆಲೆಬಾಳುವ ಆಧಾರಪತ್ರ ಯಾವುದು? ಒಂದು ವರ್ಷ ತಪ್ಪದೆ ದಿನಕ್ಕೆ ಎರಡು ಆಣೆ ಕೊಟ್ಟವನು, ಸಾಲದ ಕಂತನ್ನೂ ಕೊಡುವನೆಂದು ನಂಬಲು ಕಾರಣವುಂಟು.

ಗೃಹಿಣಿಯರ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಕಡೆಯ ಮನೆಗಳಲ್ಲಿ ದೇವರಿಗೆ ಮುಡಿಪು ಕಟ್ಟಿಡುವ ಪದ್ಧತಿ ಹಿಂದಿನಿಂದಲೂ ಇದೆ. ಎಷ್ಟೇ ಕಷ್ಟ ಬಂದರೂ ಮುಡಿಪಿನ ಹಣವನ್ನು ಯಾರೂ ಮುಟ್ಟುವುದಿಲ್ಲ. ಪಿಗ್ಮಿಯು ತನ್ನದೇ ಮಕ್ಕಳಿಗಾಗಿ ಕಟ್ಟಿದ ಮುಡಿಪಿನಂತಾಯಿತು. ಅಕ್ಕಿಯ ಮಡಕೆಯಲ್ಲಿ ಬಚ್ಚಿಟ್ಟ ಹಣಕ್ಕೆ ಮನೆಯವರ ಕಣ್ಣು ಬೀಳುತ್ತದೆ. ಏಜೆಂಟನ ಕೈಗೆ ಸೇರಿದ ಹಣಕ್ಕೆ ಹಾಗಲ್ಲ. ಆಸಾಡಿಯ ತಿಂಗಳಲ್ಲಿ ದೋಣಿ ಕಡಲಿಗೆ ಇಳಿಯದೆ, ಕೂಲಿಯೂ ದೊರೆಯದೆ ಇರುವಾಗ, ಬೇಸಗೆಯಲ್ಲಿ ಕೊಟ್ಟ ಎರಡೆರಡು ಆಣೆಯ ಬೆಲೆ ಏನೆಂಬುದು ಮನೆ ನಡೆಸುವವಳಿಗೆ ತಿಳಿಯುತ್ತದೆ.

ಹೀಗೆ ಬೆಳೆದ ಸಂಸ್ಥೆಯು ಮುಂದೆ ಮಾಡಿದ ತೀರ್ಮಾನಗಳಲ್ಲಿಯೂ ಬಹುಮಟ್ಟಿಗೆ ಇದೇ ಎಳೆಯನ್ನು ಕಾಣಬಹುದು. ೧೯೪೬ರಲ್ಲಿ ಒಂದೇ ದಿನ ಗ್ರಾಮಾಂತರ ಪ್ರದೇಶಗಳಲ್ಲಿ ಇಪ್ಪತ್ತೊಂಬತ್ತು ಶಾಖೆಗಳನ್ನು ತೆರೆಯಿತು. ೧೯೫೩ರಲ್ಲಿ ಮಹಾರಾಷ್ಟ್ರ ಅಪೆಕ್ಸ್ ಬ್ಯಾಂಕ್, ಸದರ್ನ್ ಇಂಡಿಯಾ ಅಪೆಕ್ಸ್ ಬ್ಯಾಂಕ್ ಎಂಬ ಎರಡು ಬ್ಯಾಂಕುಗಳ ವ್ಯವಹಾರವನ್ನು ವಹಿಸಿಕೊಂಡಿತು. ೧೯೬೨ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯನ್ನು ತೆರೆಯಿತು; ಹೆಂಗಸರು ಬ್ಯಾಂಕಿಗೆ ಬಾರದೆ ಇರುವುದಕ್ಕೆ ಅವರ ಸಂಕೋಚವನ್ನು ದೂರುವುದಕ್ಕಿಂತ, ಆ ಸಂಕೋಚವೇ ಉಂಟಾಗದಂತೆ ಬ್ಯಾಂಕನ್ನು ಮಾರ್ಪಡಿಸುವುದು ಮೇಲಲ್ಲವೇ? ೧೯೬೪ರಲ್ಲಿ ಉದ್ದದ ಹೆಸರನ್ನು ಬಿಟ್ಟು 'ಸಿಂಡಿಕೇಟ್ ಬ್ಯಾಂಕ್' ಎಂದಾಯಿತು. ಪ್ರಧಾನ ಕಚೇರಿಯು ಉಡುಪಿಯಿಂದ ಮಣಿಪಾಲಕ್ಕೆ ಬಂದಿತು.

ಇಲ್ಲಿಯ ವರೆಗೆ ತೀರ್ಮಾನಗಳು ಸಂಸ್ಥೆಯವರವೇ. ೧೯೬೯ರ ಜುಲೈ ೧೯ರಂದು ಭಾರತ ಸರಕಾರವು ಹದಿನಾಲ್ಕು ದೊಡ್ಡ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದಾಗ ಸಿಂಡಿಕೇಟ್ ಬ್ಯಾಂಕೂ ಕೆನರಾ ಬ್ಯಾಂಕೂ ಅವುಗಳಲ್ಲಿ ಸೇರಿದುವು. ಅಂದಿನಿಂದ ಯಜಮಾನಿಕೆ ದಿಲ್ಲಿಯದು. ಆದರೂ ಹಳೆಯ ಎಳೆ ಕೂಡಲೇ ಕಡಿಯಲಿಲ್ಲ. ಗ್ರಾಮೀಣ ಬ್ಯಾಂಕುಗಳ ಯೋಜನೆಯು ಬಂದಾಗ, ೧೯೭೫ರ ಅಕ್ಟೋಬರ್ ೨ರಂದು ಉತ್ತರಪ್ರದೇಶದ ಮೊರಾದಾಬಾದಿನಲ್ಲಿ ದೇಶದ ಮೊದಲನೆಯ ಗ್ರಾಮೀಣ ಬ್ಯಾಂಕಾದ 'ಪ್ರಥಮಾ ಬ್ಯಾಂಕ್' ಸ್ಥಾಪಿತವಾದುದು ಸಿಂಡಿಕೇಟ್ ಬ್ಯಾಂಕಿನ ಆಶ್ರಯದಲ್ಲಿಯೇ. ಬ್ರಹ್ಮಾವರದಲ್ಲಿ ಇಟ್ಟ ಹೆಜ್ಜೆ ಗಂಗೆಯ ಬಯಲಿನ ವರೆಗೆ ಹೋಯಿತೆಂದು ಹೇಳಬಹುದು.

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಅದು ಹೊಗಳಿಕೆಯಾದೀತೇ ಹೊರತು ವಿಚಾರವಾಗದು. ಗಿರಾಕಿಯ ನಡಿಗೆಯ ಶ್ರಮವನ್ನು ಬ್ಯಾಂಕು ತಾನು ಹೊತ್ತಿತು ಎಂದೆವಷ್ಟೆ. ನಿಜವಾಗಿ ಅದನ್ನು ಹೊತ್ತವನು ಏಜೆಂಟನು. ಬಿಸಿಲಲ್ಲಿ, ಮಳೆಯಲ್ಲಿ, ಕೊಡೆ ಹಿಡಿದು, ಚೀಲವನ್ನು ಎದೆಗೆ ಅವಚಿಕೊಂಡು ಓಣಿ ಓಣಿ ತಿರುಗಿದ ಈತನು ಬ್ಯಾಂಕಿನ ನೌಕರನೇ ಅಥವಾ ಸ್ವತಂತ್ರ ದಲ್ಲಾಳಿಯೇ? ಸಂಬಳವಿಲ್ಲದ ಕಮಿಷನ್ ಪದ್ಧತಿಯು ಬ್ಯಾಂಕಿಗೆ ಎಷ್ಟು ಅನುಕೂಲವೋ ಆತನಿಗೆ ಅಷ್ಟೇ ಅನಿಶ್ಚಿತ. ಕಾಯಿಲೆ ಬಿದ್ದ ದಿನ ಸಂಪಾದನೆಯಿಲ್ಲ, ಮುಪ್ಪಿನಲ್ಲಿ ಪಿಂಚಣಿಯಿಲ್ಲ. ೧೯೮೦ರಲ್ಲಿ ಈ ವಿವಾದವು ಹೈದರಾಬಾದಿನ ಔದ್ಯೋಗಿಕ ನ್ಯಾಯಮಂಡಳಿಯ ಮುಂದೆ ಹೋಯಿತು. ೧೯೮೮ರಲ್ಲಿ ಅದರ ತೀರ್ಪು ಬಂದಿತು. ಮೇಲ್ಮನವಿಗಳ ಬಳಿಕ ೨೦೦೧ರಲ್ಲಿ ಸುಪ್ರೀಂ ಕೋರ್ಟು, ಠೇವಣಿ ಸಂಗ್ರಹಿಸುವ ಇವರು ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೇ ಎಂದೂ ಇವರ ಕಮಿಷನ್ ವೇತನವೇ ಎಂದೂ ನಿರ್ಣಯಿಸಿತು. ೧೯೨೮ರಿಂದ ಎಣಿಸಿದರೆ ಎಪ್ಪತ್ತಮೂರು ವರ್ಷ! ಸಂಸ್ಥೆಯೊಂದು ಗಿರಾಕಿಯ ಹೊರೆಯನ್ನು ಇಳಿಸುವಾಗ ಅದು ಯಾರ ತಲೆಯ ಮೇಲೆ ಕುಳಿತಿತು ಎಂಬುದನ್ನು ನೋಡದೆ ಇರುವುದು ದೊಡ್ಡ ದೊಡ್ಡ ಆಡಳಿತಗಾರರಲ್ಲಿಯೂ ಕಾಣುವ ಕೊರತೆ. ಮನೆಯಲ್ಲಿಯೂ ಹಾಗೆಯೇ, ಅತಿಥಿ ಸತ್ಕಾರಕ್ಕೆ ಹೆಸರಾದ ಯಜಮಾನನ ಅಡಿಗೆಮನೆಯನ್ನು ಒಮ್ಮೆ ಇಣುಕಿ ನೋಡಬೇಕು.

ಇನ್ನು ವಿಲೀನದ ಸಂಗತಿ. ೨೦೧೯ರ ಆಗಸ್ಟ್ ೩೦ರಂದು ಕೇಂದ್ರದ ಅರ್ಥಸಚಿವರು, ಸರಕಾರಿ ಬ್ಯಾಂಕುಗಳಲ್ಲಿ ಹತ್ತನ್ನು ಕೂಡಿಸಿ ನಾಲ್ಕು ಮಾಡುವ ಯೋಜನೆಯನ್ನು ಸಾರಿದರು. ಅದರಂತೆ ೨೦೨೦ರ ಏಪ್ರಿಲ್ ೧ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿತು; ವಿಜಯಾ ಬ್ಯಾಂಕು ಒಂದು ವರ್ಷ ಮೊದಲೇ ಬ್ಯಾಂಕ್ ಆಫ್ ಬರೋಡವನ್ನು ಸೇರಿತ್ತು. ನಮ್ಮ ಜಿಲ್ಲೆಯಲ್ಲಿ ಹುಟ್ಟಿದ ಐದು ಬ್ಯಾಂಕುಗಳಲ್ಲಿ ಹೆಸರು ಉಳಿಸಿಕೊಂಡುವು ಎರಡೇ. ಸಿಂಡಿಕೇಟ್ ಬ್ಯಾಂಕಿನ ಪ್ರತಿ ಸಾವಿರ ಶೇರುಗಳಿಗೆ ಕೆನರಾ ಬ್ಯಾಂಕಿನ ನೂರ ಐವತ್ತೆಂಟು ಶೇರುಗಳೆಂದು ಗೊತ್ತಾಯಿತು. ಆ ಹೊತ್ತಿಗೆ ಸಿಂಡಿಕೇಟ್ ಬ್ಯಾಂಕಿಗೆ ನಾಲ್ಕು ಸಾವಿರಕ್ಕೂ ಮಿಕ್ಕ ಶಾಖೆಗಳಿದ್ದುವು.

ವಿಲೀನಕ್ಕೆ ಸರಕಾರ ಕೊಟ್ಟ ಕಾರಣಗಳು ಹುರುಳಿಲ್ಲದವಲ್ಲ. ದೊಡ್ಡ ಬ್ಯಾಂಕು ದೊಡ್ಡ ಸಾಲವನ್ನು ಕೊಡಬಲ್ಲುದು, ನಷ್ಟದ ಪೆಟ್ಟನ್ನು ತಾಳಬಲ್ಲುದು. ಒಂದೇ ಬೀದಿಯಲ್ಲಿ ಎರಡು ಶಾಖೆಗಳ ದುಂದು ತಪ್ಪುತ್ತದೆ. ೧೯೬೦ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿಹೋದಾಗ ಠೇವಣಿದಾರರು ಪಟ್ಟ ಪಾಡನ್ನು ನೆನೆದರೆ ಬಲಿಷ್ಠವಾದ ಬ್ಯಾಂಕು ಬೇಡವೆನ್ನುವವರು ಯಾರು? ಸಿಂಡಿಕೇಟ್ ಬ್ಯಾಂಕು ತಾನೂ ಹಿಂದೆ ಎರಡು ಬ್ಯಾಂಕುಗಳನ್ನು ತನ್ನೊಳಗೆ ಸೇರಿಸಿಕೊಂಡುದೇ ಅಲ್ಲವೇ? ಆದರೆ ಎರಡು ಒಲೆಗಳು ಒಂದಾದ ಮನೆಯಲ್ಲಿ ಉಪ್ಪುಖಾರದ ಅಳತೆ ಯಾರದೆಂಬ ಪ್ರಶ್ನೆ ಬಂದೇ ಬರುತ್ತದೆ. ಶಾಖೆಯ ಸಂಕೇತಾಕ್ಷರಗಳು ಬದಲಾದುವು. ೨೦೨೧ರ ಜುಲೈ ೧ರಿಂದ ಹಳೆಯ ಸಂಕೇತಗಳು ನಡೆಯದಾದುವು. ಚೆಕ್ಕುಪುಸ್ತಕಗಳನ್ನು ಹೊಸದಾಗಿ ಪಡೆಯಬೇಕಾಯಿತು. ಓದುಬಲ್ಲವರಿಗೆ ಇದು ಒಂದು ದಿನದ ಕೆಲಸ. ಪಿಂಚಣಿಯೋ ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಮಗನ ಹಣವೋ ಬಂದು ಬೀಳುವ ಖಾತೆಯನ್ನು ನೆಚ್ಚಿಕೊಂಡ ಅಜ್ಜಿಗೆ ಅದು ಒಂದು ದಿನದ ಕೆಲಸವಲ್ಲ. ಇಲ್ಲಿ ನಡೆಯುವ ಶ್ರಮ ಮತ್ತೆ ಗಿರಾಕಿಯ ಪಾಲಿಗೆ ಬಂದಿತು. ಒಂದು ಶಾಖೆಯನ್ನು ಮುಚ್ಚಿ ಮತ್ತೊಂದರಲ್ಲಿ ಸೇರಿಸಿದರೆ ಬ್ಯಾಂಕಿನ ಬಾಡಿಗೆ ಉಳಿಯುತ್ತದೆ. ಆ ಉಳಿತಾಯದ ಎದುರಿಗೆ ಮುದುಕರ ರಿಕ್ಷಾ ಬಾಡಿಗೆಯನ್ನು ಬರೆದುಕೊಳ್ಳುವ ಲೆಕ್ಕದ ಪುಸ್ತಕ ಯಾವ ಕಚೇರಿಯಲ್ಲಿಯೂ ಇಲ್ಲ.

ಈಗ ಕೈಯಲ್ಲಿರುವ ಫೋನಿನಲ್ಲಿಯೇ ಬ್ಯಾಂಕು ಇದೆ, ಮನೆಬಾಗಿಲಿಗೆ ಮನುಷ್ಯನು ಬರಬೇಕಾದ ಅಗತ್ಯವೇನು ಎಂದು ಕೇಳುವವರಿದ್ದಾರೆ. ಹಣವನ್ನು ಕಳುಹಿಸುವುದಕ್ಕೆ ಅಗತ್ಯವಿಲ್ಲದಿರಬಹುದು. ಆದರೆ ಫೋನು ಹಣವನ್ನು ಖರ್ಚು ಮಾಡಲು ಎಷ್ಟು ಸುಲಭಗೊಳಿಸಿದೆಯೋ ಕೂಡಿಡಲು ಅಷ್ಟು ಸುಲಭಗೊಳಿಸಿಲ್ಲ. ಅದು ನಮ್ಮನ್ನು ಕೇಳುವುದಿಲ್ಲ, ಪಿಗ್ಮಿಯವನು ಕೇಳುತ್ತಾನೆ. ದಿನವೂ ಒಂದೇ ಹೊತ್ತಿಗೆ ಬಂದು ನಿಂತವನ ಮುಂದೆ 'ಇವತ್ತು ಇಲ್ಲ' ಎಂದು ಹೇಳಲು ಬರುವ ಆ ಅಲ್ಪ ಸಂಕೋಚವೇ ಎಷ್ಟೋ ಮನೆಗಳ ಉಳಿತಾಯಕ್ಕೆ ಮೂಲ. ಇದನ್ನು ಬಲ್ಲುದರಿಂದಲೇ ಕೆನರಾ ಬ್ಯಾಂಕು 'ನಿತ್ಯನಿಧಿ' ಎಂಬ ತನ್ನದೇ ದಿನದ ಠೇವಣಿಯ ಪದ್ಧತಿಯನ್ನು ಇಟ್ಟುಕೊಂಡಿತು; ಕರಾವಳಿಯ ಸಹಕಾರಿ ಸಂಘಗಳೂ ಪಿಗ್ಮಿಯನ್ನು ತಮ್ಮದಾಗಿ ಮಾಡಿಕೊಂಡುವು.

ಗೃಹಸ್ಥರಿಗೆ ಇಲ್ಲಿ ನಾಲ್ಕು ಎಚ್ಚರಿಕೆಯ ಮಾತುಗಳನ್ನು ಹೇಳುವುದು ಅವಶ್ಯ. ಏಜೆಂಟನು ಎಷ್ಟೇ ಪರಿಚಿತನಾಗಿರಲಿ, ಹಣ ಕೊಟ್ಟ ಕ್ಷಣದಲ್ಲಿಯೇ ರಸೀದಿಯನ್ನೋ ಪುಸ್ತಕದಲ್ಲಿ ಗುರುತನ್ನೋ ಪಡೆಯಬೇಕು. ತಿಂಗಳಿಗೊಮ್ಮೆ ಶಾಖೆಯ ಲೆಕ್ಕದೊಡನೆ ತಾಳೆ ನೋಡಬೇಕು. ನಂಬಿಕೆಗೆ ಲೆಕ್ಕವು ಶತ್ರುವಲ್ಲ. ಹಣವು ಸೇರುತ್ತಿರುವುದು ಬ್ಯಾಂಕಿಗೋ ಸಂಘಕ್ಕೋ ಎಂಬುದನ್ನು ಕೇಳಿ ತಿಳಿಯಬೇಕು. ೧೯೬೨ರಲ್ಲಿ ಠೇವಣಿಯ ವಿಮೆಯು ಆರಂಭವಾದಾಗ ಒಬ್ಬ ಠೇವಣಿದಾರನಿಗೆ ಒಂದೂವರೆ ಸಾವಿರ ರೂಪಾಯಿಯ ರಕ್ಷಣೆಯಿತ್ತು. ೨೦೨೦ರ ಫೆಬ್ರವರಿಯಲ್ಲಿ ಅದನ್ನು ಐದು ಲಕ್ಷಕ್ಕೆ ಏರಿಸಲಾಯಿತು. ಈ ವಿಮೆ ಬ್ಯಾಂಕುಗಳಿಗೆ ಮತ್ತು ಸಹಕಾರಿ ಬ್ಯಾಂಕುಗಳಿಗೆ ಉಂಟು. ಪ್ರಾಥಮಿಕ ಸಹಕಾರಿ ಸಂಘಗಳಿಗೆ ಇಲ್ಲ. ಸಂಘದಲ್ಲಿ ಹಣವಿಡಬಾರದೆಂದು ಇದರ ಅರ್ಥವಲ್ಲ. ಎಷ್ಟನ್ನು ಎಲ್ಲಿ ಇಡಬೇಕೆಂಬ ವಿವೇಕ ಬೇಕೆಂದು ಅರ್ಥ. ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಯಾವ ಅನುಮತಿಯೂ ಇಲ್ಲದೆ ಠೇವಣಿ ಎತ್ತುವವರನ್ನು ೨೦೧೯ರ ಕಾಯಿದೆಯು ನಿಷೇಧಿಸಿದೆ. ಆದರೆ ಮುಳುಗಿದ ಮೇಲೆ ಕಾಯಿದೆಯನ್ನು ಹಿಡಿಯುವುದಕ್ಕಿಂತ ಮೊದಲೇ ದೂರವಿರುವುದು ಲೇಸು.

ಸಂಸ್ಥೆಗಳು ಹುಟ್ಟುತ್ತವೆ, ಹೆಸರನ್ನು ಬದಲಾಯಿಸುತ್ತವೆ, ಮತ್ತೊಂದರಲ್ಲಿ ಸೇರುತ್ತವೆ. ಅದಕ್ಕಾಗಿ ಬಹಳ ಕಾಲ ಶೋಕಿಸುವುದು ವ್ಯರ್ಥ. ಎಂಟು ಸಾವಿರ ರೂಪಾಯಿಯ ಸಂಸ್ಥೆಯನ್ನು ಬೆಳೆಯಿಸಿದುದು ಅದರ ಹೆಸರಲ್ಲ. ಗಿರಾಕಿಯ ಬಡತನವನ್ನು ಆತನ ದೋಷವೆಂದು ತಿಳಿಯದೆ, ಅದಕ್ಕೆ ತಕ್ಕಂತೆ ತನ್ನ ಕೆಲಸದ ರೀತಿಯನ್ನು ತಿದ್ದಿಕೊಂಡ ಬುದ್ಧಿ. ಆ ಬುದ್ಧಿಯು ಹೊಸ ಹೆಸರಿನ ಕೆಳಗೂ ಉಳಿಯಬಲ್ಲುದು. ಹಳೆಯ ಹೆಸರಿನ ಕೆಳಗೂ ಅಳಿಯಬಲ್ಲುದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜನರು ತಮ್ಮ ಬ್ಯಾಂಕುಗಳಿಂದಲೂ ಸಂಘಗಳಿಂದಲೂ ಕೇಳಬೇಕಾದುದು ಇದನ್ನೇ. ಹೊಸ ಏರ್ಪಾಡೊಂದು ಬಂದಾಗಲೆಲ್ಲ ಶಾಖೆಯ ಅಧಿಕಾರಿಯನ್ನು, ಸಂಘದ ಮಹಾಸಭೆಯಲ್ಲಿ ಅಧ್ಯಕ್ಷರನ್ನು, ವಿನಯದಿಂದಲೇ ಆದರೂ ಸ್ಪಷ್ಟವಾಗಿ ಕೇಳಬೇಕು: 'ಸ್ವಾಮೀ, ಇದರಿಂದ ಇನ್ನು ಮುಂದೆ ಹೆಚ್ಚು ನಡೆಯಬೇಕಾದವರು ಯಾರು?' ಈ ಪ್ರಶ್ನೆಗೆ ಸರಿಯಾದ ಉತ್ತರವು ದೊರೆತರೆ ಆ ಬದಲಾವಣೆಯನ್ನು ಸಂತೋಷದಿಂದ ಒಪ್ಪಬಹುದು.